ಎಚ್ಚರಕ್ಕೆ ಮುಂಚಿನ ಅರ್ಧ ನಿಮಿಷ

ಆದರೆ ಆ ಅರ್ಧ ನಿಮಿಷವೂ ಸಿಗದೆ ಹೋದರೆ? ಅರಿವಳಿಕೆಯಲ್ಲಿ ಅಷ್ಟು ಆಳಕ್ಕೆ ಇಳಿದು, ಮೇಲೆ ಬಂದು, ಕಣ್ಣು ಬಿಡುವ ಮೊದಲೇ ಹೆಂಡತಿ ಈಗಿಲ್ಲ ಎನ್ನುವುದು ನೆನಪಾಗಿಬಿಟ್ಟರೆ? ಆಗ ಎದೆಗೂ ಕೇಡು, ಕೈಗೂ ಏನೂ ದಕ್ಕಲಿಲ್ಲ ಎಂದಾಗುತ್ತದೆ. ದಿನಾ ಬೆಳಿಗ್ಗೆ ಆಗುವುದಂತೂ ಅದೇ. ನಿದ್ದೆ ತಿಳಿಯಾಗುವ ಮುಂಚೆಯೇ ಬಲಗೈ ಮಂಚದ ಆ ಕಡೆಗೆ ಹೋಗುತ್ತದೆ, ತಣ್ಣಗಿನ ಹಾಸಿಗೆ ಮುಟ್ಟುತ್ತದೆ, ಸುದ್ದಿ ಮುಟ್ಟಿಸುತ್ತದೆ. ಎರಡೂವರೆ ವರ್ಷದಲ್ಲಿ ಆ ಕೈ ಒಂದು ದಿನವೂ ರಜೆ ಹಾಕಿಲ್ಲ.

ಬಡಗಿ ತೊಡೆಯ ಮೇಲಿದ್ದ ಕಾಗದವನ್ನು ಮತ್ತೊಮ್ಮೆ ನೋಡಿದ. ಅದರಲ್ಲಿ ಎರಡು ಖಾಲಿ ಚೌಕಗಳಿದ್ದವು. ಒಂದರ ಮುಂದೆ ಬೆನ್ನಿಗೆ ಇಂಜೆಕ್ಷನ್ ಎಂದಿತ್ತು. ಅದು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುವುದು; ಮನುಷ್ಯ ಎಚ್ಚರವಾಗಿರುತ್ತಾನೆ. ಇನ್ನೊಂದರ ಮುಂದೆ ಪೂರ್ತಿ ಅರಿವಳಿಕೆ ಎಂದಿತ್ತು. ನಾಳೆ ಬೆಳಿಗ್ಗೆ ಅವನ ಬಲ ಸೊಂಟದ ಸವೆದ ಕೀಲನ್ನು ತೆಗೆದು ಲೋಹದ್ದನ್ನು ಕೂರಿಸುವವರಿದ್ದರು. ಎರಡರಲ್ಲಿ ಯಾವುದು ಎಂದು ಸಂಜೆಯೊಳಗೆ ಅವನೇ ಗುರುತು ಹಾಕಬೇಕಿತ್ತು. ಕಾಗದದ ಹಲಗೆಗೆ ಪೆನ್ನನ್ನು ಬ್ಯಾಂಡೇಜು ಬಟ್ಟೆಯ ದಾರದಿಂದ ಕಟ್ಟಿದ್ದರು. ಐವತ್ತು ವರ್ಷ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ತಿರುಗಿದವನಿಗೆ ಕಟ್ಟಿಹಾಕಿದ ಆ ಪೆನ್ನನ್ನು ಕಂಡು ಪಾಪ ಎನಿಸಿತು.

ಬೆಳಿಗ್ಗೆ ಅರಿವಳಿಕೆ ಡಾಕ್ಟರು ಬಂದಿದ್ದರು. ನಡುವಯಸ್ಸಿನ ಹೆಂಗಸು, ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡು ಅದನ್ನೇ ಹುಡುಕುವವರು. ಅವನ ಬೆನ್ನಿಗೆ ಕಿವಿಗೊಳವೆ ಇಟ್ಟು ಉಸಿರು ಎಳೆಸಿದರು, ಬಿಡಿಸಿದರು, ಒಂದು ನಳಿಗೆಯೊಳಗೆ ಊದಿಸಿದರು. ಮೂರು ಸಲ ಊದುವಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿತು. ಎಷ್ಟು ವರ್ಷ ಮರಗೆಲಸ ಮಾಡಿದಿರಿ ಎಂದು ಕೇಳಿದರು. ಐವತ್ತೆರಡು ಎಂದ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಿರಾ ಎಂದು ಕೇಳಿದರು. ಕಟ್ಟಿಕೊಳ್ಳಿ ಎಂದು ಹೇಳುವವಳೊಬ್ಬಳಿದ್ದಳು ಎಂದು ಬಾಯಿಗೆ ಬಂತು. ಇಲ್ಲ ಎಂದಷ್ಟೇ ಹೇಳಿದ.

“ಮೇಸ್ತ್ರಿಗಳೇ, ನಿಮ್ಮ ಎದೆಯಲ್ಲಿ ಒಂದು ಸಣ್ಣ ಮೇಜಿಗಾಗೋವಷ್ಟು ಮರದ ಹೊಟ್ಟಿದೆ,” ಎಂದರು ಡಾಕ್ಟರು. “ಪೂರ್ತಿ ಮಲಗಿಸಿದರೆ ಎಬ್ಬಿಸೋದಕ್ಕೆ ನಾನು ಕಷ್ಟಪಡಬೇಕಾಗುತ್ತೆ. ಬೆನ್ನಿಗೇ ಕೊಟ್ಟುಬಿಡೋಣ.”

ಅವರು ಬಿಡಿಸಿಬಿಡಿಸಿ ಹೇಳಿದರು. ಪೂರ್ತಿ ಅರಿವಳಿಕೆ ಆಗದ ಮಾತೇನಲ್ಲ. ಆದರೆ ಇಂಥ ಎದೆಗೆ ಆಮೇಲೆ ನಾಲ್ಕು ದಿನ ಆಮ್ಲಜನಕ ಹಿಡಿದರೂ ಹಿಡಿಯಬಹುದು, ಕಫ ಕಟ್ಟಬಹುದು. ಎಪ್ಪತ್ತೊಂದರ ವಯಸ್ಸಿಗೆ ಎದ್ದ ಮೇಲೆ ಸ್ವಲ್ಪ ಹೊತ್ತು, ಕೆಲವರಿಗೆ ಸ್ವಲ್ಪ ದಿನ, ತಲೆ ಗೊಂದಲವಾಗುವುದೂ ಉಂಟು. ಯಾರು ಎದುರಿಗಿದ್ದಾರೆ, ಯಾವ ವರ್ಷ, ಯಾವ ಊರು, ಎಲ್ಲ ಕಲಸಿಹೋಗುತ್ತದೆ. ಹೆದರಿಸಬೇಕೆಂದು ಹೇಳಿದ ಆ ಮಾತಿಗೇ ಬಡಗಿಯ ಕಿವಿ ನೆಟ್ಟಗಾಯಿತು.

“ಪೂರ್ತಿ ನಿದ್ದೇನೇ ಕೊಡಿ ಡಾಕ್ಟ್ರೇ,” ಎಂದ.

ಯಾಕೆ ಎಂದು ಅವರು ಕೇಳಿದರು. ಗರಗಸದ ಸದ್ದು ಕೇಳಲಾರೆ ಎಂದುಬಿಟ್ಟ. ಪಕ್ಕದ ಮಂಚದಿಂದ ನಗು ಸಿಡಿಯಿತು. ಅಲ್ಲಿದ್ದವನಿಗೆ ವಾರ್ಡಿನವರೆಲ್ಲ ರೇಡಿಯೋ ಎಂದು ಹೆಸರಿಟ್ಟಿದ್ದರು. ಮೊನ್ನೆ ಮಂಡಿ ಬದಲಿಸಿಕೊಂಡು ಬಂದಾಗಿನಿಂದ ಅವನ ಪ್ರಸಾರ ನಿಂತಿರಲಿಲ್ಲ. ಮೀನು ನೀರಿಗೆ ಹೆದರುತ್ತಂತೆ ಕೇಳಿದ್ರಾ, ಎಂದು ಅವನು ಆಚೆ ಮಂಚದವನಿಗೂ ಮುಟ್ಟಿಸಿದ. ಬಡಗಿಯ ಕಿವಿ ಬಿಸಿಯಾಯಿತು. ಸುಳ್ಳು ಹೇಳುವುದಾದರೆ ಇದಕ್ಕಿಂತ ಮರ್ಯಾದಸ್ತ ಸುಳ್ಳು ಸಿಗಲಿಲ್ಲವೇ ಎನಿಸಿತು.

ಡಾಕ್ಟರು ನಗಲಿಲ್ಲ. ಕಿವಿಗೆ ಹಾಡು ಹಾಕಿಕೊಡುತ್ತೇವೆ, ಬೇಕಾದರೆ ಸಣ್ಣ ಜೊಂಪು ಬರುವಂತೆ ಔಷಧಿ ಬಿಡುತ್ತೇವೆ ಎಂದರು.

“ಆ ಜೊಂಪಿಂದ ಏಳೋದು ಹೇಗಿರುತ್ತೆ? ದಿನಾ ಎದ್ದ ಹಾಗಾ?”

“ಹೂಂ, ಮಧ್ಯಾಹ್ನ ಕಣ್ಣು ಮುಚ್ಚಿ ಎದ್ದ ಹಾಗೆ.”

“ಹಾಗಾದ್ರೆ ಬೇಡ,” ಎಂದ ಅವನು.

ಡಾಕ್ಟರು ಕನ್ನಡಕ ಹುಡುಕಿ, ಎದೆಯ ಮೇಲೇ ಅದು ಸಿಗಲು ಹಾಕಿಕೊಂಡು ಅವನನ್ನು ಒಂದು ಗಳಿಗೆ ನೋಡಿದರು. ಮನೆಯವರ ಹತ್ತಿರ ಮಾತಾಡಿ ಎಂದು ಕಾಗದ ಕೊಟ್ಟು ಹೋದರು.

ಮನೆಯವರು ಎಂದರೆ ಈಗ ಮಗಳೊಬ್ಬಳೇ. ಅವಳು ಕಾರು ಓಡಿಸಲು ಕಲಿಸುವ ಶಾಲೆಯಲ್ಲಿ ಮೇಡಂ. ಹತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಪರರ ತಪ್ಪಿಗೆ ಬ್ರೇಕು ಒತ್ತಿ ಒತ್ತಿ, ಈಗ ಮನೆಯಲ್ಲಿ ಕುರ್ಚಿ ಮೇಲೆ ಕೂತರೂ ಯಾರಾದರೂ ದುಡುಕಿ ಮಾತಾಡಿದರೆ ಅವಳ ಬಲಗಾಲು ನೆಲವನ್ನು ಒತ್ತುತ್ತದೆ. ಅವಳಮ್ಮ ಬದುಕಿದ್ದಾಗ ಅದಕ್ಕೇ ಬ್ರೇಕಮ್ಮ ಎಂದು ಕರೆಯುತ್ತಿದ್ದಳು.

ಅವಳಮ್ಮನೂ ಅಂಗಡಿಯವಳೇ. ಅಂಗಡಿ ಎಂದರೆ ಮನೆಯ ಮುಂಭಾಗದ ಮರಗೆಲಸದ ಕೊಠಡಿ. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕರೆಯಲು ಬಂದವಳು ಹಲಗೆಯ ಇನ್ನೊಂದು ತುದಿ ಹಿಡಿದಳು, ಆಮೇಲೆ ಬಿಡಲಿಲ್ಲ. ಕೊಯ್ಯುವ ಯಂತ್ರ ಶುರುವಾದರೆ ಮಾತು ಕೇಳಿಸುತ್ತಿರಲಿಲ್ಲ. ಆದ್ದರಿಂದ ಮರದ ಮೇಲೆ ಬೆರಳು ಗೆಣ್ಣಿನಿಂದ ತಟ್ಟುವುದು ರೂಢಿಯಾಯಿತು. ಒಂದು ಸಲ ತಟ್ಟಿದರೆ ತಳ್ಳು. ಎರಡು ಸಲ ತಟ್ಟಿದರೆ ನಾನು ಹಿಡಿದಿದ್ದೇನೆ. ಮೂರು ಸಲ ತಟ್ಟಿದರೆ ಸಾಕು, ಬಿಡು. ಮೂವತ್ತೆಂಟು ವರ್ಷ ಆ ಮೂರು ಮಾತಿನಲ್ಲಿ ಎಷ್ಟೋ ಮನೆಗಳ ಬಾಗಿಲು ಕಿಟಕಿಗಳು ಎದ್ದುನಿಂತವು.

ಮೊದಲನೆಯ ಬಾಗಿಲು ಮಾತ್ರ ಎಡವಟ್ಟಾಯಿತು. ಅಳತೆ ಹಿಡಿದು ಗುರುತು ಹಾಕಿದವಳು ಅವಳು, ಕೊರೆದವನು ಅವನು. ಅವಳ ಲೆಕ್ಕದಲ್ಲಿ ಎರಡು ಅಡ್ಡಗೆರೆಯ ಕತ್ತರಿ ಗುರುತು ಎಂದರೆ ಕೀಲು ಬರುವ ಕಡೆ. ಅವನ ಲೆಕ್ಕದಲ್ಲಿ ಅದು ಇಲ್ಲಿ ಮುಟ್ಟಬೇಡ ಎಂದು. ಇಬ್ಬರೂ ಕೇಳಲಿಲ್ಲ, ಇಬ್ಬರೂ ಹೇಳಲಿಲ್ಲ. ಕದ ಎಡಕ್ಕೆ ತೆರೆಯುವ ಬದಲು ಬಲಕ್ಕೆ ತೆರೆದುಕೊಂಡಿತು. ಗಿರಾಕಿ ಬೇಡವೆಂದ. ಕೊನೆಗೆ ಅದನ್ನು ಅಂಗಡಿಗೂ ಅಡುಗೆಮನೆಗೂ ನಡುವೆ ತಮಗೇ ಹಾಕಿಕೊಂಡರು. ಅದನ್ನು ತೆಗೆದರೆ ನೇರ ಒಳಗೆ ಹೋಗುವಂತಿಲ್ಲ; ಒಂದು ಹೆಜ್ಜೆ ಪಕ್ಕಕ್ಕಿಟ್ಟು, ಕದವನ್ನು ಸುತ್ತಿಕೊಂಡು ಹೋಗಬೇಕು. ಈ ನಾಲ್ಕು ವರ್ಷ ಬಡಗಿಯ ಸೊಂಟ ಪ್ರಾಣ ಹಿಂಡಿದ್ದು ಆ ಒಂದು ಹೆಜ್ಜೆಯಲ್ಲೇ. ಸರಿಮಾಡಿಸೋಣ ಎಂದು ಮಗಳು ಎಷ್ಟು ಸಲ ಹೇಳಿದ್ದಾಳೋ. ಆಗಲಿ ನೋಡೋಣ ಎನ್ನುತ್ತಾನೆ, ಉಳಿ ಮುಟ್ಟುವುದಿಲ್ಲ.

ಅವನಿಗೆ ಬೇಕಿದ್ದ ಅರ್ಧ ನಿಮಿಷ ಹನ್ನೆರಡು ವರ್ಷದ ಹಿಂದಿನದು. ಹರ್ನಿಯಾ ಆಪರೇಷನ್ನಿಗೆ ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಆ ನಿದ್ದೆ ಮನೆಯ ನಿದ್ದೆಯಂತಲ್ಲ. ಅದರಲ್ಲಿ ಕನಸಿಲ್ಲ, ಹೊರಳಾಟವಿಲ್ಲ, ಹೊತ್ತೇ ಇಲ್ಲ. ಎದ್ದಾಗ ಬಿಳಿ ಗೋಡೆ. ತಾನು ಯಾರು, ಯಾಕೆ ಮಲಗಿದ್ದೇನೆ, ಒಂದೂ ಗೊತ್ತಿಲ್ಲ. ಗೊತ್ತಿಲ್ಲವೆಂಬ ದಿಗಿಲೂ ಇಲ್ಲ. ಆಗ ಬಾಗಿಲು ತೆರೆಯಿತು. ಪಾಲಿಶಿನ ಕಂದು ಕಲೆ ಹೋಗದ ಬೆರಳುಗಳ ಅವಳು ಒಳಗೆ ಬಂದಳು, ಮಂಚದ ಕಂಬಿಯ ಮೇಲೆ ಎರಡು ಸಲ ತಟ್ಟಿದಳು. ಅಷ್ಟೇ. ಲೋಕವೆಲ್ಲ ಅಲ್ಲಿಂದ ಶುರುವಾಯಿತು. ಮೊದಲು ಅವಳು, ಆಮೇಲೆ ತನ್ನ ಹೆಸರು, ಆಮೇಲೆ ನೋವು. ಅಷ್ಟು ನಿಚ್ಚಳವಾಗಿ ಅವಳನ್ನು ಅವನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಸತ್ತ ಮೇಲೆ ಅವಳು ಕನಸಿಗೂ ಬರಲಿಲ್ಲ. ಮನೆಯ ನಿದ್ದೆಯಲ್ಲಿ ಕೈ ಕಾವಲು ಕೂತಿರುತ್ತದೆ, ಬರುವುದಾದರೂ ಹೇಗೆ? ಆದರೆ ಅಂಥ ನಿದ್ದೆಯಲ್ಲಿ ಕೈಯೂ ಮಲಗಿರುತ್ತದೆ. ಎದ್ದ ಮೇಲೆ ಅರ್ಧ ನಿಮಿಷ ಅವಳು ಸತ್ತಿರುವುದಿಲ್ಲ. ಬಾಗಿಲಾಚೆ ಎಲ್ಲೋ ಇದ್ದಾಳೆ, ಇನ್ನೇನು ಬಂದು ತಟ್ಟುತ್ತಾಳೆ. ಆ ಕಾಯುವಿಕೆಯೊಂದು ಸಿಕ್ಕರೆ ಸಾಕು. ಅದಕ್ಕೆ ನಾಲ್ಕು ದಿನ ಕೆಮ್ಮಿದರೇನು? ಈ ವಯಸ್ಸಿನಲ್ಲಿ ಇನ್ಯಾವ ಆಪರೇಷನ್ನು ಮಾಡಿಸಿಕೊಳ್ಳುತ್ತಾನೆ? ಇದು ಕೊನೆಯ ಅವಕಾಶ.

ಮಗಳು ಮಧ್ಯಾಹ್ನ ಮೂರಕ್ಕೆ ಬಂದಳು. ಡಾಕ್ಟರು ಅವಳನ್ನು ಹೊರಗೇ ಹಿಡಿದು ಎಲ್ಲ ಹೇಳಿದ್ದರೆಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಸ್ಟೂಲು ಎಳೆದುಕೊಂಡು ಕೂತಳು. ರೇಡಿಯೋ ಕತ್ತು ಚಾಚುವುದನ್ನು ಕಂಡು ಎದ್ದು ಪರದೆ ಎಳೆದು ಮತ್ತೆ ಕೂತಳು. ಪರದೆಯಾಚೆಯಿಂದ, ನಮಗೇನು ಕಿವಿ ಕೇಳಲ್ಲಮ್ಮ, ಮಾತಾಡಿಕೊಳ್ಳಿ ಎಂದು ಅವನು ಅಭಯ ಕೊಟ್ಟ.

ಅವಳು ಮೊದಲು ಎದೆಯ ಮಾತು ತೆಗೆದಳು. ಚಳಿ ಬಂದರೆ ಮೆಟ್ಟಿಲು ಹತ್ತುವಾಗ ಅವನು ಎಲ್ಲೆಲ್ಲಿ ನಿಲ್ಲುತ್ತಾನೆಂದು ಬೆರಳು ಮಡಿಸಿ ಎಣಿಸಿದಳು. ಅವನು ಕಿಟಕಿಯಾಚೆ ಸೈಕಲ್ಲುಗಳ ಸಾಲು ನೋಡುತ್ತ, ತನಗೆ ಗರಗಸದ ಸದ್ದು ಆಗುವುದಿಲ್ಲ ಎಂದ. ಅವಳ ಕಾಲು ನೆಲವನ್ನು ಒತ್ತಿತು.

“ಅಪ್ಪಾ, ತೊಟ್ಟಿಲಲ್ಲಿ ನಾನು ಅತ್ತರೆ ಗರಗಸ ಆಡಿಸಿ ಮಲಗಿಸ್ತಿದ್ದೋನು ನೀನು. ಈ ಕಥೆ ಬೇರೆ ಯಾರಿಗಾದ್ರೂ ಹೇಳು.”

ತಂದಿದ್ದ ಕಿತ್ತಳೆಯೊಂದನ್ನು ಸುಲಿದು, ತೊಳೆ ಬಿಡಿಸಿ, ಅವನಿಗೂ ಕೊಡದೆ ತಾನೂ ತಿನ್ನದೆ ತಟ್ಟೆಯ ಅಂಚಿಗೆ ಜೋಡಿಸಿದಳು. ಆಮೇಲೆ ತಟ್ಟೆಯನ್ನೇ ನೋಡುತ್ತ, ಒಂದು ಮಾತು ಹೇಳುತ್ತೇನೆ, ಅಮ್ಮ ಹೇಳಬೇಡ ಅಂದಿದ್ದಳು, ಎಂದಳು.

ಹನ್ನೆರಡು ವರ್ಷದ ಹಿಂದೆ ಆ ಆಸ್ಪತ್ರೆಯ ಮೊಗಸಾಲೆಯಲ್ಲಿ ಮಗಳೂ ಇದ್ದಳು. ಚಹಾ ತರಲು ಹೋಗಿ, ಎರಡು ಲೋಟ ಹಿಡಿದು ಬರುತ್ತಿದ್ದಳು. ಅಪ್ಪ ಮಲಗಿದ್ದ ಕೋಣೆಯಿಂದ ಅಮ್ಮ ಹೊರಗೆ ಬಂದಳು. ಬಂದವಳು ಬಾಗಿಲು ಮುಚ್ಚಿ ಗೋಡೆಗೊರಗಿ ನಿಂತಳು. ಏನಾಯಿತು ಎಂದು ಕೇಳಿದರೆ ತುಟಿಯ ಮೇಲೆ ಬೆರಳಿಟ್ಟಳು. ಹತ್ತರವರೆಗೆ ಎಣಿಸಿದಳೇನೋ, ತುಟಿ ಅಲ್ಲಾಡುತ್ತಿತ್ತು. ಕೂದಲು ಒಪ್ಪಮಾಡಿಕೊಂಡಳು. ಆಗಷ್ಟೇ ಬಂದವಳ ಹಾಗೆ ಬಾಗಿಲು ತೆರೆದು ಒಳಗೆ ಹೋದಳು.

“ಅವಳು ಬೆಳಿಗ್ಗೆಯಿಂದ ನಿನ್ನ ಪಕ್ಕದಲ್ಲೇ ಕೂತಿದ್ಲಪ್ಪ,” ಎಂದಳು ಮಗಳು. “ನೀನು ಕಣ್ಣು ಬಿಟ್ಟಾಗ ಮೊದಲು ಕಂಡಿದ್ದು ಅವಳನ್ನೇ. ಗುರುತು ಸಿಗಲಿಲ್ಲ ನಿಂಗೆ. ಅಮ್ಮಾ, ನೀವು ಯಾರೋ ಗೊತ್ತಾಗಲಿಲ್ಲ, ನನ್ನ ಹೆಂಡ್ತಿ ಹೊರಗೆ ಕೂತಿರ್ತಾಳೆ, ಸ್ವಲ್ಪ ಕರೀತೀರಾ, ಅಂತ ಕೇಳಿದೆಯಂತೆ. ಅವಳು ಎದ್ದು ಹೊರಗೆ ಬಂದ್ಲು. ಕರೆದುಕೊಂಡು ಬಂದ್ಲು.”

ಬಡಗಿ ತಿರುಗಿ ನೋಡಿದ.

“ಆಮೇಲೆ ನಗ್ತಿದ್ಲು. ನಿಮ್ಮಪ್ಪ ಜೀವಮಾನದಲ್ಲಿ ಒಂದೇ ಸಲ ನಂಗೆ ಬಹುವಚನ ಕೊಟ್ಟಿದ್ದು, ಅದೂ ಬೇರೆಯೋಳು ಅಂದ್ಕೊಂಡು, ಅಂತ. ಆದ್ರೆ ಗೋಡೆಗೆ ಒರಗಿ ನಿಂತಾಗ ನಕ್ಕಿರಲಿಲ್ಲ.”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನಾಳೆ ನೀನು ಎದ್ದು ಅಮ್ಮನ್ನ ಕರಿ ಅಂದ್ರೆ ನಾನೇನು ಮಾಡ್ಲಿ? ಹೊರಗೆ ಹೋಗ್ತೀನಪ್ಪ. ಬೇಕಾದ್ರೆ ಹತ್ತು ಸಲ ಹೋಗ್ತೀನಿ. ಆದ್ರೆ ಒಳಗೆ ಬರೋದು ಪ್ರತಿ ಸಲಾನೂ ನಾನೇ.”

ಪರದೆಯಾಚೆ ರೇಡಿಯೋ ಒಂದು ಸಲ ಗಂಟಲು ಸರಿಮಾಡಿಕೊಂಡ.

ಹನ್ನೆರಡು ವರ್ಷ ಬಡಗಿ ಜೋಪಾನ ಮಾಡಿಟ್ಟುಕೊಂಡದ್ದು ಅವಳು ಬಂದ ಗಳಿಗೆಯನ್ನಲ್ಲ, ಎರಡನೆಯ ಸಲ ಬಂದ ಗಳಿಗೆಯನ್ನು. ಅದಕ್ಕೆ ಮುಂಚಿನದು ಅವನ ಬಳಿ ಇರಲೇ ಇಲ್ಲ. ಅಲ್ಲೊಂದು ಕುರ್ಚಿಯಿತ್ತು, ಕುರ್ಚಿಯಲ್ಲಿ ಒಬ್ಬ ಹೆಂಗಸಿದ್ದಳು, ಅವಳನ್ನು ಅವನು ಮರ್ಯಾದೆಯಿಂದ ಹೊರಗೆ ಕಳಿಸಿದ್ದ. ಅವಳು ಹೋದಳು. ನಾನೇ ಕಣ್ರೀ ಎಂದು ಒಂದು ಮಾತು ಅನ್ನಲಿಲ್ಲ. ಹೆಂಡತಿ ಬೇಕು ಎಂದ ಗಂಡನಿಗೆ ಹೆಂಡತಿಯನ್ನು ತಂದುಕೊಟ್ಟಳು, ಹಲಗೆಯ ತುದಿ ಹಿಡಿದಷ್ಟೇ ಸಲೀಸಾಗಿ. ಆ ಗೋಡೆಯ ಹತ್ತಿರ ಅವಳು ನಿಂತದ್ದನ್ನು ಕಾಣಬೇಕೆಂದು ಈಗ ಅವನ ಜೀವ ಎಳೆಯಿತು. ಯಾವ ಅರಿವಳಿಕೆಯೂ ಅಲ್ಲಿಗೆ ಕರೆದೊಯ್ಯುವಂತಿರಲಿಲ್ಲ.

ಎದುರಿಗೆ ಮಗಳು ಕೂತಿದ್ದಳು. ಅವಳ ಬಲಗಾಲು ಇನ್ನೂ ನೆಲವನ್ನು ಒತ್ತಿಕೊಂಡೇ ಇತ್ತು. ನಾಳೆ ಆ ಕುರ್ಚಿಯಲ್ಲಿ ಕೂರುವವಳು ಇವಳು.

ಅವನು ದಾರ ಕಟ್ಟಿದ ಪೆನ್ನು ತೆಗೆದುಕೊಂಡ. ಬೆನ್ನಿಗೆ ಇಂಜೆಕ್ಷನ್ ಎಂಬುದರ ಮುಂದಿನ ಚೌಕದಲ್ಲಿ ಗುರುತು ಹಾಕಿದ. ಕತ್ತರಿ ಹಾಕಲಿಲ್ಲ, ಸರಿ ಗುರುತನ್ನೇ ಹಾಕಿದ. ಜೊಂಪಿನ ಔಷಧಿಯೂ ಬೇಡ ಎಂದು ಡಾಕ್ಟರಿಗೆ ಹೇಳು ಎಂದ. ಮಗಳು ಕಾಗದ ತೆಗೆದುಕೊಂಡು, ಎದೆ ಬಗ್ಗೆ ಕೊನೆಗೂ ಬುದ್ಧಿ ಬಂತಲ್ಲ ಎಂದಳು. ಹೂಂ ಎಂದ. ಕಿತ್ತಳೆಯ ತೊಳೆಗಳನ್ನು ಇಬ್ಬರೂ ತಿಂದರು. ಎರಡು ತೊಳೆ ಪರದೆಯ ಕೆಳಗಿಂದ ರೇಡಿಯೋಗೂ ಹೋದವು.

ಮಾರನೆಯ ಬೆಳಿಗ್ಗೆ ನರ್ಸು ನೀಲಿ ಪೆನ್ನು ಹಿಡಿದು ಬಂದಳು. ಅವನ ಬಲತೊಡೆಯ ಮೇಲೆ ಏನೋ ಬರೆಯಲು ಬಗ್ಗಿದಾಗ ಅವನು ಅವಳ ಕೈ ತಡೆದ.

“ಏನು ಗುರುತು ಹಾಕ್ತೀಯಮ್ಮ? ಕತ್ತರೀನಾ?”

“ಯಾಕಜ್ಜ, ಏನಾದ್ರೇನು?”

“ಕತ್ತರಿ ಹಾಕಿದ್ರೆ ಇಲ್ಲಿ ಕೊಯ್ಯಿ ಅಂತಾನೋ, ಇಲ್ಲಿ ಮುಟ್ಟಬೇಡ ಅಂತಾನೋ? ಒಳಗಿರೋರೆಲ್ಲ ಒಂದೇ ಲೆಕ್ಕದೋರಾ, ಕೇಳಿದ್ದೀಯಾ?”

ನರ್ಸು ನಕ್ಕು, ಅದಕ್ಕೇ ನಾವು ಕತ್ತರಿ ಹಾಕುವುದಿಲ್ಲ, ಬಾಣ ಬರೆಯುತ್ತೇವೆ ಎಂದಳು. ಬಾಣ ಬರೆದು ತೋರಿಸಿದಳು. ಅವನು ಬಾಣವನ್ನು ಪರೀಕ್ಷಿಸಿ ಒಪ್ಪಿದ. ನಮಗೂ ಆಗ ಯಾರಾದರೂ ಇದನ್ನು ಹೇಳಿಕೊಡಬೇಕಿತ್ತು ಎಂದ. ಯಾವಾಗ ಎಂದು ಅವಳು ಕೇಳುವಷ್ಟರಲ್ಲಿ ಗಾಲಿ ಮಂಚ ಬಂತು.

ಆಪರೇಷನ್ ಕೋಣೆ ತಣ್ಣಗಿತ್ತು. ಅಂಚಿಗೆ ಕೂರಿಸಿ, ದಿಂಬು ತಬ್ಬಿಸಿ, ಬೆನ್ನು ಬಾಗಿಸಿದರು. ಸೂಜಿ ಹೋದದ್ದು ಇರುವೆ ಕಡಿದಷ್ಟು. ಆಮೇಲೆ ಕಾಲುಗಳಲ್ಲಿ ಬಿಸಿ ಇಳಿಯಿತು, ಭಾರವಾಯಿತು, ಆಮೇಲೆ ಅವು ಅವನವಾಗಿ ಉಳಿಯಲಿಲ್ಲ. ಎಡಮಗ್ಗುಲಿಗೆ ಮಲಗಿಸಿ ಮುಖದೆದುರು ಹಸಿರು ಬಟ್ಟೆ ಕಟ್ಟಿದರು. ಅರಿವಳಿಕೆ ಡಾಕ್ಟರು ತಲೆಯ ಬಳಿ ಸ್ಟೂಲಿನಲ್ಲಿ ಕೂತರು. ಹಾಡು ಬೇಕೇ ಎಂದರು. ಬೇಡ ಎಂದ.

ಗರಗಸ ಶುರುವಾಯಿತು. ಸಣ್ಣ ಹಲ್ಲಿನದು, ವಿದ್ಯುತ್ತಿನದು; ಹೊಸ ಅಲಗು ಎಂದು ಸದ್ದಿನಲ್ಲೇ ತಿಳಿಯಿತು. ಕೊಯ್ಯುವ ಕೈ ಅವಸರದ್ದಲ್ಲ. ಮೂಳೆ ಒಣಗಿದ ಗಟ್ಟಿ ಮರದ ಹಾಗೆ ಕೂಗಿತು. ತನ್ನದೇ ಮೈ ಎಂಬುದನ್ನು ಮರೆತು, ಒಳ್ಳೆಯ ಕೆಲಸಗಾರ ಎಂದುಕೊಂಡ. ಆಮೇಲೆ ಸುತ್ತಿಗೆ ಬಂತು. ಮೂಳೆಯ ತೂತಿನೊಳಕ್ಕೆ ಲೋಹದ ಕಡ್ಡಿಯನ್ನು ಬಡಿದು ಕೂರಿಸುತ್ತಿದ್ದರು. ಮೊದಲು ಮಂದ ಸದ್ದು, ಒದ್ದೆ ಮರಕ್ಕೆ ಹೊಡೆದ ಹಾಗೆ. ಹೊಡೆತ ಹೊಡೆತಕ್ಕೂ ಸದ್ದು ಒಂದೊಂದು ಎಳೆ ಮೇಲೇರಿತು. ಗೂಟ ತನ್ನ ತೂತಿನಲ್ಲಿ ಪೂರ್ತಿ ಕೂತಾಗ ಸದ್ದಿಗೆ ಒಂದು ಗಂಟಲು ಬರುತ್ತದೆ, ಅದಾದ ಮೇಲೆ ಇನ್ನೊಂದು ಹೊಡೆದರೆ ಮರ ಸೀಳುತ್ತದೆ. ಹಲಗೆಯ ಆ ತುದಿಯಲ್ಲಿ ಅವಳಿಗೆ ಅದು ಅವನಿಗಿಂತ ಮೊದಲೇ ಕೇಳಿಸುತ್ತಿತ್ತು.

ಗಂಟಲು ಬಂತು. ಬಡಗಿಯ ಬೆರಳು ಮೇಜಿನ ಅಂಚಿನ ಮೇಲೆ ಮೂರು ಸಲ ತಟ್ಟಿತು. ಬಟ್ಟೆಯಾಚೆ ಸುತ್ತಿಗೆ ನಿಂತಿತು. ಸರ್ಜನ್ನಿಗೆ ಅವನ ತಟ್ಟು ಕೇಳಿಸಿರಲಾರದು; ಸರ್ಜನ್ನರ ಕಿವಿಯೂ ಚೆನ್ನಾಗಿತ್ತು, ಅಷ್ಟೇ.

“ಏನಾಯ್ತು ಮೇಸ್ತ್ರಿ, ನೋವಾ?” ಎಂದು ಡಾಕ್ಟರು ಬಗ್ಗಿ ಕೇಳಿದರು.

“ಇಲ್ಲ. ಸರಿಯಾಗಿ ಕೂತಿತು.”

ಅವರು ಹತ್ತಿಯಿಂದ ಅವನ ಕಣ್ಣಿನ ಮೂಲೆ ಒರೆಸಿದರು.

ಹೊರಗೆ ತಂದು ಗಾಜಿನ ಬಾಗಿಲಿನ ಕೋಣೆಯಲ್ಲಿ ಮಲಗಿಸಿದಾಗ ಹನ್ನೊಂದು ಗಂಟೆ. ಕಾಲುಗಳು ಇನ್ನೂ ಯಾರದೋ ಆಗಿದ್ದವು. ತಲೆ ಮಾತ್ರ ನೀರಿನಷ್ಟು ತಿಳಿ. ಅವಳಿಲ್ಲ ಎಂಬುದು ಗೊತ್ತಿತ್ತು. ಬೆಳಿಗ್ಗೆಯಿಂದ ಒಂದು ಗಳಿಗೆಯೂ ಮರೆತಿರಲಿಲ್ಲ. ಗಾಜಿನಾಚೆ ಮಗಳು ಬಂದು ನಿಂತದ್ದು ಕಂಡಿತು. ಅವಳು ಕೂಡಲೇ ಒಳಗೆ ಬರಲಿಲ್ಲ. ಗೋಡೆಗೊರಗಿದಳು. ಕೂದಲು ಒಪ್ಪಮಾಡಿಕೊಂಡಳು. ಅವಳಮ್ಮ ಅಂದು ನಿಂತದ್ದು ಹೀಗೆಯೇ ಇರಬೇಕು. ಅವನು ಕಣ್ಣು ಮಿಟುಕಿಸದೆ ನೋಡಿದ.

ಬಾಗಿಲು ತೆರೆದು ಬಂದವಳು ಮಂಚದ ಬಳಿ ನಿಂತು, ನಾನು ಯಾರು ಹೇಳು ನೋಡೋಣ ಎಂದಳು. ಮಾತು ತಮಾಷೆಯದು, ಕಣ್ಣು ತಮಾಷೆಯದಲ್ಲ.

“ಬ್ರೇಕಮ್ಮ,” ಎಂದ ಅವನು. “ಬನ್ನಿ, ಕೂತ್ಕೊಳ್ಳಿ.”

ಬಹುವಚನಕ್ಕೆ ಅವಳು ಬೆಚ್ಚಿದಳು, ಆಮೇಲೆ ಅವನ ಮುಖ ನೋಡಿ ನಕ್ಕಳು, ನಗುತ್ತಲೇ ಅತ್ತಳು. ಅವಳ ಕಾಲು ನೆಲದಿಂದ ಸಡಿಲವಾಯಿತು. ಮನೆಗೆ ಹೋದ ಮೇಲೆ ಆ ಅಡುಗೆಮನೆ ಕದ ಸರಿಮಾಡಿಸೋಣ, ಹೊಸ ಕೀಲಿಗೆ ಆ ಹೆಜ್ಜೆ ಒಳ್ಳೆಯದಲ್ಲ ಎಂದಳು. ಆಗಲಿ ನೋಡೋಣ ಎಂದ.

ಆರು ವಾರಕ್ಕೆ ಕೋಲು ಬಿಟ್ಟು ನಡೆದ. ಕದ ಹಾಗೇ ಇದೆ. ಅದನ್ನು ಸುತ್ತಿಕೊಂಡು ಹೋಗುವ ಹೆಜ್ಜೆ ಈಗ ನೋಯುವುದಿಲ್ಲ. ಅಪ್ಪ ಗರಗಸಕ್ಕೆ ಹೆದರಿದ ಕಥೆಯನ್ನು ಮಗಳು ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ, ಅವನೂ ನಗುತ್ತಾನೆ. ಅಂದು ಪೂರ್ತಿ ನಿದ್ದೆ ಕೇಳಿದ್ದು, ಹೆಂಡತಿ ಸತ್ತಿದ್ದಾಳೆಂಬುದನ್ನು ಅರ್ಧ ನಿಮಿಷ ಮರೆತು ಮಲಗಿರುವ ಆಸೆಗೆ ಎಂದು ಅವನು ಯಾವತ್ತೂ ಹೇಳಲಿಲ್ಲ.